ಇಸ್ತ್ರಿ ಹೆಗಲು

"ಬಿಡು, ನಾನು ಎತ್ತೀನಿ."

ಅವಳು ಬುಟ್ಟಿಯಿಂದ ಒಂದೇ ಒಂದು ಒದ್ದೆ ದಿಂಬಿನ ಚೀಲ ಕೈಗೆತ್ತಿಕೊಂಡಿದ್ದಳು. ಅದರ ತೂಕ ಹೆಚ್ಚೆಂದರೆ ಒಂದು ಲೋಟ ನೀರಿನಷ್ಟು. ಅಷ್ಟಕ್ಕೇ ಅವನು ಬಾಯ್ಲರಿನ ಹತ್ತಿರದಿಂದ ಓಡಿ ಬಂದು, ಬೆರಳಿಗೆ ಬೆರಳು ತಾಕದ ಹಾಗೆ ಇನ್ನೊಂದು ತುದಿ ಹಿಡಿದು, ಮೆಲ್ಲನೆ ಎಳೆದುಕೊಂಡ.

"ಥ್ಯಾಂಕ್ಸ್," ಎಂದಳು ಅವಳು.

"ಪರವಾಗಿಲ್ಲ," ಎಂದ ಅವನು.

ಗಂಡ ಹೆಂಡತಿ ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳತೊಡಗಿದರೆ ಆ ಮನೆಯಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಹೇಳಿಟ್ಟಿದ್ದಾರೆ, ಸರಿ. ಗಂಡ ಹೆಂಡಿರ ಮರ್ಯಾದೆ ಎಲ್ಲಿಯ ತನಕ ಎಂದು ಮಾತ್ರ ಯಾರೂ ಹೇಳಿಟ್ಟಿಲ್ಲ. ಈ ಮನೆಯಲ್ಲಿ ಅದು ತಿಂಗಳು ದಾಟಿತ್ತು.

ಮನೆ ಎಂದರೆ ಕೆಳಗೆ ಲಾಂಡ್ರಿ, ಮೇಲೆ ಎರಡು ಕೋಣೆ. ಮುಂದೆ ಗಿರಾಕಿಗಳ ಕೌಂಟರು, ಅದರ ಹಿಂದೆ ತಯಾರಾದ ಬಟ್ಟೆ ನೇತುಹಾಕುವ ಉದ್ದನೆಯ ಕಂಬಿ, ಅದರ ಹಿಂದೆ ಒಗೆಯುವ ಯಂತ್ರಗಳು, ಬಾಯ್ಲರು, ಇಸ್ತ್ರಿಯ ಮೇಜು. ಅಂಗಡಿ ಅವಳ ಅಪ್ಪನದು. ಅಪ್ಪ ಹೋದ ಮೇಲೆ ಅವಳೇ ನಡೆಸಿಕೊಂಡು ಬಂದವಳು. ಸುರುಳಿ ಸುತ್ತಿದ ಒದ್ದೆ ಬೆಡ್‌ಶೀಟುಗಳನ್ನು ಎರಡೂ ತೋಳಲ್ಲಿ ಅವಚಿಕೊಂಡು ಓಡಾಡುತ್ತಿದ್ದ ಹೆಂಗಸಿಗೆ ಈಗ ದಿಂಬಿನ ಚೀಲವೂ ನಿಷೇಧ.

ಮೊನ್ನೆಮೊನ್ನೆಯ ತನಕ ಅವಳು ಅವನನ್ನು ಕರೆಯುತ್ತಿದ್ದದ್ದು 'ಸುಕ್ಕು' ಎಂದು. ಅವನು ಅವಳನ್ನು ಕರೆಯುತ್ತಿದ್ದದ್ದು 'ಯಜಮಾನಿ' ಎಂದು. ಈಗ ಇಬ್ಬರೂ ಒಬ್ಬರನ್ನೊಬ್ಬರು ಏನೂ ಕರೆಯುವುದಿಲ್ಲ. ಬೇಕಾದಾಗ ಸಣ್ಣಗೆ ಕೆಮ್ಮುತ್ತಾರೆ.

ಸುಕ್ಕು ಎಂಬ ಹೆಸರಿಗೊಂದು ಕಥೆಯಿದೆ. ಅವನಾಗ ಬ್ರೆಡ್ ವ್ಯಾನಿನ ಡ್ರೈವರ್. ಒಂದು ಬೆಳಿಗ್ಗೆ ಅಂಗಿಯೊಂದನ್ನು ಉಂಡೆ ಮಾಡಿ ತಂದು ಕೌಂಟರಿನ ಮೇಲಿಟ್ಟ.

"ಇದನ್ನ ಯಾವುದಾದ್ರೂ ಹಸು ಅಗಿದು ಉಗುಳ್ತಾ?" ಎಂದು ಅವಳು ಕೇಳಿದ್ದಳು.

"ಇಲ್ಲ, ನಾನೇ ಅದರ ಮೇಲೆ ಮಲಗಿದ್ದೆ," ಎಂದು ಅವನು ಬಹಳ ಗಂಭೀರವಾಗಿ ಹೇಳಿದ್ದ.

ಮರುದಿನ ಇನ್ನೊಂದು ಅಂಗಿ. ಅದರ ಮರುದಿನ ಮತ್ತೊಂದು. ದಿನ ಕಳೆದಂತೆ ಸುಕ್ಕುಗಳು ಹೆಚ್ಚುತ್ತ ಹೋದವು. ಒಂದು ದಿನ ಅವಳು ಕಿಟಕಿಯಿಂದ ನೋಡುತ್ತಾಳೆ, ಅವನು ರಸ್ತೆಯಂಚಿನಲ್ಲಿ ವ್ಯಾನು ನಿಲ್ಲಿಸಿಕೊಂಡು, ಹಿಂದಿನ ದಿನ ಅವಳೇ ಗರಿಗರಿಯಾಗಿ ಮಡಚಿಕೊಟ್ಟಿದ್ದ ಅಂಗಿಯನ್ನು ಬಿಚ್ಚಿ, ಹಲ್ಲು ಕಚ್ಚಿ, ಒದ್ದೆ ಟವೆಲ್ ಹಿಂಡುವಂತೆ ಹಿಂಡುತ್ತಿದ್ದಾನೆ. ಒಳಗೆ ಬಂದವನ ಮುಂದೆ ಅವಳು ಕೈಕಟ್ಟಿ ನಿಂತಳು.

"ಹೊರಗೆ ಹಿಂಡ್ತಿದ್ದಿದ್ದು ನೋಡ್ದೆ."

ಅವನ ಕಿವಿಯ ತುದಿಯವರೆಗೂ ಕೆಂಪೇರಿತು. "ನನ್ನ ಹತ್ರ ಇರೋದೇ ಮೂರು ಅಂಗಿ. ನೀವು ಇಸ್ತ್ರಿ ಮಾಡೋದು ದಿನಾ ನೋಡ್ಬೇಕು ಅನ್ಸಿದ್ರೆ ಇನ್ನೇನ್ ಮಾಡ್ಲಿ?"

ಅವಳು ನಗು ತಡೆಯಲು ಕಂಬಿಯ ಹಿಂದೆ ಹೋಗಿ, ಯಾರದೋ ಕೋಟಿನಲ್ಲಿ ಮುಖ ಹುದುಗಿಸಬೇಕಾಯಿತು. ಆ ವರ್ಷ ಮುಗಿಯುವುದರೊಳಗೆ ಬ್ರೆಡ್ ವ್ಯಾನಿಗೆ ಬೇರೆ ಡ್ರೈವರ್ ಬಂದಿದ್ದ. ಸುಕ್ಕು ಲಾಂಡ್ರಿಯಲ್ಲಿ ಬಾಯ್ಲರಿನ ಪಕ್ಕ ನಿಂತಿದ್ದ.

ಮನೆಯ ಬಟ್ಟೆ ಗಿರಾಕಿಗಳ ಬಟ್ಟೆಯ ಜೊತೆ ಬೆರೆಯಬಾರದೆಂದು ಅವಳ ಅಪ್ಪನ ಕಾಲದಿಂದಲೂ ಒಂದು ಪದ್ಧತಿ. ಕೊರಳಪಟ್ಟಿಯ ಒಳಗೆ ಕೆಂಪು ದಾರದ ಗಂಟು ಹಾಕುವುದು. ಸುಕ್ಕುವಿನ ಬಟ್ಟೆಗೆ ಒಂದು ಗಂಟು, ಅವಳ ಬಟ್ಟೆಗೆ ಎರಡು. "ನನಗ್ಯಾಕೆ ಒಂದೇ?" ಎಂದು ಅವನು ಕೇಳಿದಾಗ, "ನಾನು ಇಬ್ಬರ ಕೆಲಸ ಮಾಡ್ತೀನಿ, ಅದಕ್ಕೆ," ಎಂದಿದ್ದಳು. ಕಂಬಿಯ ಕೊನೆಯಲ್ಲಿ ಗಂಟು ಹಾಕಿದ ಬಟ್ಟೆಗಳಿಗೇ ಒಂದು ಜಾಗ. ರಾತ್ರಿ ಬಾಗಿಲು ಹಾಕುವ ಮೊದಲು ಅವನು ಗಂಟು ನೋಡಿ ನೋಡಿ ತೆಗೆದು ಮೇಲೆ ಒಯ್ಯುತ್ತಿದ್ದ.

ಇನ್ನೊಂದು ಪದ್ಧತಿ ಅವರಿಬ್ಬರದೇ. ದಿನವಿಡೀ ಇಸ್ತ್ರಿಪೆಟ್ಟಿಗೆ ದೂಡುವ ಕೈಗೆ ಸಂಜೆ ಹೊತ್ತಿಗೆ ಹೆಗಲು ಹಿಡಿದುಕೊಳ್ಳುತ್ತದೆ. ಈ ಕಸುಬಿನವರು ಅದಕ್ಕೆ ಇಸ್ತ್ರಿ ಹೆಗಲು ಎನ್ನುತ್ತಾರೆ. ಅವಳ ಅಪ್ಪನಿಗೂ ಇತ್ತು. ಬಾಗಿಲು ಹಾಕಿದ ಮೇಲೆ ಸುಕ್ಕು ಬಾಯ್ಲರಿನ ಹಬೆಗೆ ಟವೆಲ್ ಹಿಡಿದು, ಬಿಸಿಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿ, ಅವಳ ಬಲ ಹೆಗಲ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತುತ್ತ, ನೋವು ಎಲ್ಲಿದೆ ಎಂದು ಕೇಳುತ್ತಿದ್ದ.

"ಇಲ್ಲಾ?"

"ಇನ್ನೂ ಸ್ವಲ್ಪ ಕೆಳಗೆ."

"ಇಲ್ಲಾ?"

"ಇನ್ನೂ ಸ್ವಲ್ಪ."

ಹಾಗೆ ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎನ್ನುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲಿ ವಿಷಯ ಹೆಗಲಿನದಲ್ಲ ಎಂದು ಇಬ್ಬರಿಗೂ ಗೊತ್ತಾಗುತ್ತಿತ್ತು. ದಿನದ ದಣಿವೆಲ್ಲ ಅಲ್ಲಿಗೆ ಇಳಿಯುತ್ತಿತ್ತು.

ಆ ದಿನದ ತನಕ.

ಆ ದಿನ ಒಂದು ದೊಡ್ಡ ಹೋಟೆಲಿನ ಮೇಜುಬಟ್ಟೆಗಳು ಬಂದಿದ್ದವು. ಮದುವೆಯಂತೆ, ಸಂಜೆಗೇ ಬೇಕಂತೆ. ಎರಡು ದಿನದ ಹಿಂದೆ ಅವಳು ಸ್ನಾನದ ಕೋಣೆಯಲ್ಲಿ ಒಬ್ಬಳೇ ಪರೀಕ್ಷೆ ಮಾಡಿಕೊಂಡಿದ್ದಳು. ಎರಡು ಗೆರೆ ಬಂದಿತ್ತು. ಅವನಿಗೆ ಹೇಳಿರಲಿಲ್ಲ. ಕದ್ದುಮುಚ್ಚಿ ಅಂತಲ್ಲ, ಚಂದವಾಗಿ ಹೇಳಬೇಕೆಂದು. ಮೇಜುಬಟ್ಟೆಗಳ ಗಡಿಬಿಡಿ ಮುಗಿಯಲಿ, ಇವತ್ತು ಸಂಜೆ ಹೇಳುತ್ತೇನೆ ಎಂದುಕೊಂಡಿದ್ದಳು. ಬೆಳಿಗ್ಗೆಯಿಂದ ಹೊಟ್ಟೆಯ ಒಂದು ಬದಿ ಹಿಂಡುತ್ತಿತ್ತು. ಸ್ವಲ್ಪ ರಕ್ತವೂ ಕಂಡಿತ್ತು. ಮೊದಲ ದಿನಗಳಲ್ಲಿ ಹೀಗೂ ಆಗುತ್ತದೇನೋ ಎಂದು ತನಗೆ ತಾನೇ ಹೇಳಿಕೊಂಡಳು. ಸುದ್ದಿಯನ್ನೇ ಹೇಳದವಳು ಸುದ್ದಿಯ ನೋವನ್ನು ಹೇಗೆ ಹೇಳುತ್ತಾಳೆ?

ಮಧ್ಯಾಹ್ನದ ಹೊತ್ತಿಗೆ ಬಲ ಹೆಗಲ ತುದಿಯಲ್ಲಿ ನೋವು ಚುಚ್ಚತೊಡಗಿತು. "ಇವತ್ತು ಬೇಗ ಶುರುವಾಯ್ತು ನೋಡು, ಇಸ್ತ್ರಿ ಹೆಗಲು," ಎಂದಳು.

"ಬಂದೆ ಯಜಮಾನಿ," ಎಂದು ಅವನು ಬಿಸಿ ಟವೆಲ್ ತಂದಿಟ್ಟ. ಒಂದೆರಡು ಸಲ ಒತ್ತಿದ. "ಇನ್ನು ನಾಲ್ಕೇ ಮೇಜುಬಟ್ಟೆ. ಮುಗಿಸಿಬಿಡೋಣ, ಆಮೇಲೆ ಪೂರ್ತಿ ಒತ್ತಿಕೊಡ್ತೀನಿ."

ಎರಡು ಮುಗಿದಿದ್ದವು. ಮೂರನೆಯದರ ಬಿಳುಪು ಕಣ್ಣಿನ ತುಂಬ ಹರಡಿಕೊಂಡಿದ್ದಷ್ಟೇ ಅವಳಿಗೆ ನೆನಪು.

ಕಣ್ಣು ಬಿಟ್ಟಾಗ ಆಸ್ಪತ್ರೆ. ಗರ್ಭ ನಿಲ್ಲಬೇಕಾದ ಜಾಗದಲ್ಲಿ ನಿಂತಿರಲಿಲ್ಲ, ಅಂಡನಾಳದಲ್ಲಿ ನಿಂತು ಬೆಳೆಯಲು ನೋಡಿ ನಾಳ ಒಡೆದಿತ್ತು, ಹೊಟ್ಟೆಯೊಳಗೆಲ್ಲ ರಕ್ತ ತುಂಬಿತ್ತು, ಕೊಯ್ದು ಆ ನಾಳವನ್ನು ತೆಗೆಯಬೇಕಾಯಿತು ಎಂದು ನರ್ಸು ಮೆಲ್ಲಗೆ ತಿಳಿಸಿದಳು. ಸುಕ್ಕು ಮಂಚದ ಕಾಲ ಬುಡದಲ್ಲಿ ನಿಂತಿದ್ದ. ಅವಳು ಬಸುರಿಯಾಗಿದ್ದಳು ಎಂಬುದೂ ಈಗ ಅಲ್ಲ ಎಂಬುದೂ ಅವನಿಗೆ ವರಾಂಡದಲ್ಲಿ ನಿಂತು ಒಂದೇ ಉಸಿರಿನಲ್ಲಿ ಗೊತ್ತಾಗಿತ್ತು. ಅವನು ಅವಳ ಪಾದ ಹಿಡಿದುಕೊಂಡ. ಅಲ್ಲಿಂದ ಮೇಲಕ್ಕೆ ಅವನ ಕೈ ಬಂದದ್ದೇ ಇಲ್ಲ.

ಮನೆಗೆ ಬಂದ ಮೇಲೆ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಮೂರು ಮೆಟ್ಟಿಲು ಹತ್ತಿದರೆ ಕುಳಿತುಕೊಳ್ಳಬೇಕು. ಸೀನು ಬಂದರೆ ಹೊಟ್ಟೆ ಹಿಡಿದುಕೊಳ್ಳಬೇಕು. ಎದೆ ಇನ್ನೂ ಕೆಲವು ದಿನ ಬಸುರಿಯದರಂತೆ ಬಿಗಿದುಕೊಂಡೇ ಇತ್ತು. ಪಾಪ, ಅದಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಹುಟ್ಟಿದಾಗಿನಿಂದ ಇಸ್ತ್ರಿಪೆಟ್ಟಿಗೆಯ ಜೊತೆ ಬೆಳೆದವಳಿಗೆ ಕಬ್ಬಿಣ ಕಮ್ಮಿಯಂತೆ! ಹಿಂದಿನ ದಿನಗಳಾಗಿದ್ದರೆ ಸುಕ್ಕು ಈ ಒಂದು ಮಾತಿನ ಮೇಲೆ ವಾರವಿಡೀ ನಗುತ್ತಿದ್ದ. ಈಗ ಹೊತ್ತು ಹೊತ್ತಿಗೆ ಮಾತ್ರೆ, ನೀರು, ಸೂಪು ತಂದಿಟ್ಟು, ಕೆಮ್ಮಿ, ಕೆಳಗಿಳಿದು ಹೋಗುತ್ತಿದ್ದ.

ಮಲಗಲು ನೆಲಕ್ಕೆ ಹಾಸಿಕೊಂಡ. "ನಿದ್ದೇಲಿ ಕೈ ಗೀಯಿ ತಾಕಿದ್ರೆ ಗಾಯಕ್ಕೆ ನೋವಾಗುತ್ತೆ," ಎಂದ. ಗಾಯ ಒಣಗಿತು. ಹಾಸಿಗೆ ನೆಲ ಬಿಡಲಿಲ್ಲ.

ಆ ದಿನ ಅವಳು ಕಟ್ಟಿಕೊಂಡಿದ್ದ ಏಪ್ರನ್ನು ಬಾಗಿಲ ಹಿಂದಿನ ಗೂಟಕ್ಕೆ ನೇತುಬಿದ್ದಿತ್ತು. ಊರವರ ಕೊಳೆಯನ್ನೆಲ್ಲ ಒಗೆಯುವವನು ಅದನ್ನು ಮಾತ್ರ ಒಗೆದಿರಲಿಲ್ಲ, ಮುಟ್ಟಿರಲೂ ಇಲ್ಲ. ಕಂಡಾಗಲೆಲ್ಲ ಅವಳಿಗೆ ಅನಿಸುತ್ತಿತ್ತು, ನನಗೂ ಅದಕ್ಕೂ ಏನು ವ್ಯತ್ಯಾಸ?

ಅವಳ ಲೆಕ್ಕ ಸರಳವಾಗಿತ್ತು. ಸುದ್ದಿ ಮುಚ್ಚಿಟ್ಟೆ ಎಂದು ಅವನಿಗೆ ಸಿಟ್ಟು. ಇಲ್ಲವೇ ಒಂದು ನಾಳ ಕಳೆದುಕೊಂಡ, ಹೊಲಿಗೆ ಹಾಕಿದ ಈ ಹೊಟ್ಟೆ ಅವನಿಗೆ ಬೇಡ. ಎರಡರಲ್ಲಿ ಯಾವುದು ಎಂದು ಕೇಳಲು ಧೈರ್ಯ ಸಾಲದು. ಮೌನ ಬಂಗಾರ ಎನ್ನುತ್ತಾರೆ. ಹಾಗಾದರೆ ಆ ಮನೆಯಲ್ಲಿ ಆಗ ಕಾಲಿಡಲು ಜಾಗವಿಲ್ಲದಷ್ಟು ಬಂಗಾರ ತುಂಬಿತ್ತು.

ಅಕ್ಕ ಫೋನು ಮಾಡಿದ್ದಳು. "ನನ್ನ ಮನೆಗೆ ಬಂದುಬಿಡೇ. ಎರಡು ತಿಂಗಳಾದ್ರೂ ಸುಧಾರಿಸ್ಕೋ. ಆಮೇಲೆ ಮುಂದಿಂದು ನೋಡೋಣ. ಭಾನುವಾರ ನಾನೇ ಕಾರ್ ತರ್ತೀನಿ."

'ಮುಂದಿಂದು' ಎಂದರೆ ಏನೆಂದು ಅಕ್ಕ ಬಿಡಿಸಿ ಹೇಳಲಿಲ್ಲ, ಇವಳು ಕೇಳಲಿಲ್ಲ. ಸುಕ್ಕುವಿಗೆ ಹೇಳಿದಾಗ ಅವನು ಬೇಡ ಎನ್ನಬಹುದು, ಕನಿಷ್ಠ ಮುಖವನ್ನಾದರೂ ಸಣ್ಣದು ಮಾಡಬಹುದು ಎಂದು ಕಾದಳು.

"ಹೋಗು," ಎಂದ ಅವನು ತಕ್ಷಣ. "ಅಲ್ಲಿ ಅಕ್ಕ ಚೆನ್ನಾಗಿ ನೋಡ್ಕೋತಾರೆ."

ಅವಳು ಸೂಟ್‌ಕೇಸು ತೆಗೆದು ಧೂಳು ಒರೆಸಿದಳು. ಈ ಸಲ ಹೋದರೆ ತಾನು ಮರಳಿ ಬರುವುದಿಲ್ಲ ಎಂದು ಅವಳಿಗೆ ಆಗಲೇ ಅನಿಸಿತ್ತು.

ಶುಕ್ರವಾರ ಕೋಟಿನ ತಾತ ಬಂದರು. ಪ್ರತಿ ವಾರವೂ ಅದೇ ಕೋಟು ತರುತ್ತಾರೆ, ಅದರಲ್ಲಿ ಕೊಳೆ ಎಂಬುದು ಇರುವುದೇ ಇಲ್ಲ. ಅವರಿಗೆ ಬೇಕಾದದ್ದು ಕೌಂಟರಿಗೆ ಒರಗಿಕೊಂಡು ಒಂದಿಷ್ಟು ಹರಟೆ.

"ಏನಮ್ಮಾ, ಹೀಗೆ ಸೊರಗಿದೀಯ? ನಿನ್ನನ್ನೇ ಯಾರೋ ಒಗೆದು ಹಿಂಡಿದ ಹಾಗಿದೆ!"

"ಒಣಗಾಕಿದಾರೆ ತಾತ, ಸರಿಹೋಗ್ತೀನಿ," ಎಂದಳು. ಬಹಳ ದಿನದ ಮೇಲೆ ಬಂದ ತಮಾಷೆ. ಕಂಬಿಯ ಹಿಂದೆ ನಿಂತಿದ್ದ ಸುಕ್ಕು ಒಂದು ಕ್ಷಣ ತಲೆಯೆತ್ತಿ ನೋಡಿದ್ದು ಅವಳಿಗೆ ಕಂಡಿತು. ಅವನ ತುಟಿಯ ಒಂದು ಮೂಲೆ ಮೇಲೇಳಲು ಹೋಗಿ, ಬೇಡವೆಂದು ಹಿಂದೆ ಸರಿಯಿತು.

ತಾತ ತಮ್ಮ ಹೆಗಲು ನೀವಿಕೊಂಡರು. "ಲೋ ಸುಕ್ಕು, ನಂಗೂ ಒಂದು ಬಿಸಿ ಟವೆಲ್ ಹಾಕೋ. ರಾತ್ರಿಯಿಂದ ಈ ಹೆಗಲು ಬಿಡ್ತಾ ಇಲ್ಲ. ನಿನ್ನ ಹೆಂಡ್ತಿಗೆ ಮಾಡೋ ಉಪಚಾರಾನೇ..."

ಕೊಕ್ಕೆಗಳ ಗೊಂಚಲೊಂದು ನೆಲಕ್ಕೆ ಬಿದ್ದು ಸದ್ದಾಯಿತು. "ನಾನು ಅದೆಲ್ಲ ಮಾಡಲ್ಲ," ಎಂದ ಸುಕ್ಕು, ಅವನದಲ್ಲದ ದನಿಯಲ್ಲಿ. "ಹೆಗಲು ನೋವು ಅಂದ್ರೆ ಡಾಕ್ಟ್ರ ಹತ್ರ ಹೋಗಿ. ಈಗಲೇ ಹೋಗಿ."

ತಾತ ಪೆಚ್ಚಾಗಿ ಕೋಟು ಬಿಟ್ಟು ಹೊರಟರು. ಹೋಗುವಾಗ, "ನಾನೇನಪ್ಪಾ ಅಂಥಾದ್ದು ಅಂದೆ?" ಎಂದು ಗೊಣಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಸುಕ್ಕುವಿನ ಮುಖದಲ್ಲಿ ಆಗ ಇದ್ದದ್ದು ಅದೇ. ಅವಳಿಗೆ ಕಂಡಿತು, ಅರ್ಥವಾಗಲಿಲ್ಲ. ಈ ಮನುಷ್ಯನಿಗೆ ಈಗ ಮುದುಕರನ್ನು ಮುಟ್ಟಲೂ ಹೇಸಿಗೆಯೇ ಎಂದುಕೊಂಡಳು. ಪಾಪ!

ಶನಿವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ತಪಾಸಣೆ. ಅವನು ಹೊರಗೆ ಬೆಂಚಿನ ಮೇಲೆ ಕುಳಿತ. ಒಳಗೆ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು, ಹೊಲಿಗೆ ನೋಡಿದರು, ರಕ್ತದ ವರದಿ ತಿರುವಿದರು.

"ಗಾಯ ಚೆನ್ನಾಗಿ ಮಾಗಿದೆ. ರಕ್ತದಲ್ಲಿ ಗರ್ಭದ ಅಂಶ ಪೂರ್ತಿ ಇಳಿದಿದೆ. ಇನ್ನು ಸಣ್ಣಪುಟ್ಟ ಕೆಲಸ ಶುರು ಮಾಡಬಹುದು. ಇನ್ನೊಂದು ನಾಳ ಸರಿಯಾಗಿದೆ, ಮುಂದೆ ಮಕ್ಕಳಾಗಬಹುದು. ಆತುರ ಬೇಡ. ಯಾವತ್ತಾದರೂ ದಿನ ತಪ್ಪಿದರೆ ಮಾತ್ರ ತಕ್ಷಣ ಬಂದುಬಿಡಿ. ಸುಸ್ತು ಹೇಗಿದೆ?"

"ಇದೆ. ಮೈಗಿಂತ ಮನಸ್ಸಿಗೆ ಜಾಸ್ತಿ."

"ಇರುತ್ತೆ. ಮೈ ಮೊದಲು ವಾಸಿಯಾಗುತ್ತೆ, ಮನಸ್ಸು ತಡವಾಗಿ. ಹೆಗಲ ನೋವು ಮತ್ತೆ ಬಂತಾ?"

"ಹೆಗಲಾ? ಅದು ಇಸ್ತ್ರಿ ಕೆಲಸಕ್ಕೆ ಬರೋದು ಡಾಕ್ಟರ್. ಈಗ ಕೆಲಸಾನೇ ಇಲ್ವಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವತ್ತಿನದು ಇಸ್ತ್ರಿಯಿಂದ ಬಂದಿದ್ದಲ್ಲ. ಹೊಟ್ಟೆಯೊಳಗೆ ರಕ್ತ ಸೋರಿದರೆ ನೋವು ಹೆಗಲ ತುದಿಯಲ್ಲಿ ಕಾಣಿಸಿಕೊಳ್ಳುತ್ತೆ. ಎಷ್ಟೋ ಜನಕ್ಕೆ ಗೊತ್ತಿರಲ್ಲ. ನಿಮ್ಮವರು ಹೇಳಲಿಲ್ವಾ? ಅವತ್ತು ಅವರು ನನ್ನನ್ನ ವರಾಂಡದಲ್ಲಿ ಮತ್ತೆ ಮತ್ತೆ ತಡೆದು ಕೇಳಿದ್ದು ಅದೊಂದೇ."

"ಏನಂತ?"

"ಬಿಸಿ ಬಟ್ಟೆ ಇಟ್ಟು ಇನ್ನೂ ಸ್ವಲ್ಪ ಕೆಲಸ ಮಾಡು ಅಂದೆ, ನಾನೇ ಕೊಂದೆನಾ, ಅಂತ."

ಅವಳು ಬಾಗಿಲ ಕಡೆ ತಿರುಗಿ ನೋಡಿದಳು.

"ಇಲ್ಲ ಅಂತ ಹೇಳಿದೆ," ಎಂದರು ಡಾಕ್ಟರಮ್ಮ. "ಆ ಜಾಗದಲ್ಲಿ ನಿಂತ ಗರ್ಭವನ್ನ ಯಾರೂ ಉಳಿಸೋಕಾಗಲ್ಲ, ವಾರದ ಮುಂಚೆ ಬಂದಿದ್ದರೂ ಅಷ್ಟೇ. ನಿಮ್ಮನ್ನ ಉಳಿಸೋಕೆ ಸಮಯಕ್ಕೆ ಸರಿಯಾಗಿ ಕರ್ಕೊಂಡು ಬಂದ್ರು, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ್ರು ಅಂತಾನೂ ಹೇಳಿದೆ. ಅವರಿಗೆ ಅದು ಕೇಳಿಸ್ತು ಅಂತ ನನಗನಿಸಲ್ಲ."

ಹೊರಗೆ ಅವನು ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾರೋ ಕಿತ್ತುಕೊಳ್ಳಲು ಬರುತ್ತಾರೆ ಎಂಬಂತೆ ಎರಡೂ ಕೈಯಲ್ಲಿ ಅವುಚಿ ಕುಳಿತಿದ್ದ. ಅವಳನ್ನು ಕಂಡು ಎದ್ದು ನಿಂತು ಕೆಮ್ಮಿದ. ಅಂಗಿಯ ಕೊರಳಪಟ್ಟಿ ಮುದುಡಿತ್ತು. ಇಷ್ಟು ದಿನ ತಾನು ಅವನ ಕೊರಳಪಟ್ಟಿಯನ್ನೇ ನೋಡಿಲ್ಲ ಎಂದು ಅವಳಿಗೆ ಹೊಳೆಯಿತು.

ದಾರಿಯಲ್ಲಿ ಅವನು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದ. ಕನ್ನಡಕದ ಅಂಗಡಿಯೊಂದರ ಗಾಜಿನಲ್ಲಿ ಇಬ್ಬರೂ ಕಂಡರು. ಅವಳ ಬೆನ್ನ ಹಿಂದೆ, ಬೆನ್ನಿಗೆ ಒಂದು ಗೇಣು ದೂರದಲ್ಲಿ, ಅವನ ಬಲಗೈ ಅಂಗೈ ತೆರೆದುಕೊಂಡು ಅವಳ ಜೊತೆಜೊತೆಗೇ ಬರುತ್ತಿತ್ತು. ಅವಳು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ಮುಟ್ಟುತ್ತಿರಲಿಲ್ಲ. ಇಷ್ಟು ದಿನ ಹೀಗೇ ಬರುತ್ತಿತ್ತೋ ಏನೋ, ತಿರುಗಿ ನೋಡಿದವರು ಯಾರು?

ಅಂಗಡಿಯ ಬಾಗಿಲು ತೆಗೆದು ಒಳಗೆ ಬಂದದ್ದೇ ಅವಳು ಕೇಳಿದಳು.

"ನನ್ನ ಹೆಗಲು ಯಾಕೆ ಮುಟ್ಟಲ್ಲ ನೀನು?"

ಅವನು ಗೂಟಕ್ಕೆ ಹಾಕಲು ಹೋದ ಬೀಗದ ಕೈ ಕೆಳಗೆ ಬಿತ್ತು. "ಗಾಯ ಇತ್ತಲ್ಲ..."

"ಗಾಯ ಹೊಟ್ಟೇಲಿತ್ತು. ಹೆಗಲಲ್ಲಿ ಅಲ್ಲ. ಡಾಕ್ಟರಮ್ಮ ಎಲ್ಲಾ ಹೇಳಿದ್ರು."

ಅವನು ಒಗೆಯದ ಬಟ್ಟೆಗಳ ಗಂಟಿನ ಮೇಲೆ ಕುಸಿದು ಕುಳಿತ. ತನ್ನ ಕೈಗಳನ್ನೇ ನೋಡಿಕೊಂಡ. "ಇನ್ನು ನಾಲ್ಕೇ ಮೇಜುಬಟ್ಟೆ ಅಂದೆ. ಯಾರ ಮದುವೇನೋ, ಯಾರ ಮೇಜೋ. ನೀನು ಒಳಗೊಳಗೇ ಸಾಯ್ತಿದ್ದೆ, ನಾನು ಟವೆಲ್ ಬಿಸಿ ಮಾಡ್ತಿದ್ದೆ."

"ಇಸ್ತ್ರಿ ಹೆಗಲು ಅಂತ ಮೊದಲು ಅಂದಿದ್ದು ನಾನು!"

"ನೀನು ಅಂದ್ರೇನಾಯ್ತು? ನಾನು ನಿನ್ನ ಮುಖ ನೋಡ್ಬೇಕಿತ್ತು. ಬೆಳ್ಳಗಾಗಿದ್ದೆ. ಹಬೆಗೆ ಹಾಗಾಗಿದೆ ಅಂದ್ಕೊಂಡೆ."

"ನಂಗೆ ಬೆಳಿಗ್ಗೆಯಿಂದ ರಕ್ತ ಹೋಗ್ತಿತ್ತು ಕಣೋ! ನಿಂಗೆ ಹೇಳಲಿಲ್ಲ. ನಿಂಗೆ ಹೆಗಲು ಮಾತ್ರ ಗೊತ್ತಿತ್ತು, ನಂಗೆ ಉಳಿದಿದ್ದೂ ಗೊತ್ತಿತ್ತು. ತಪ್ಪು ನಂದು."

"ನಿಂದು ಹೇಗಾಗುತ್ತೆ? ನಂದು."

"ನಂದು ಅಂದೆನಲ್ಲ!"

ಹೋಟೆಲಿನಲ್ಲಿ ಬಿಲ್ಲಿಗಾಗಿ ಕಿತ್ತಾಡುವ ನೆಂಟರ ಹಾಗೆ ಇಬ್ಬರೂ ತಪ್ಪನ್ನು ತಮ್ಮತಮ್ಮ ಕಡೆಗೆ ಎಳೆದಾಡಿದರು. ದನಿ ಏರಿತು. ಬೀದಿಯಲ್ಲಿ ಹೋಗುವವರು ಒಮ್ಮೆ ಬಗ್ಗಿ ನೋಡಿ ಹೋದರು. ಅಂತೂ ಆ ಮನೆಯಲ್ಲಿ ಒಂದು ಒಳ್ಳೆಯ ಜಗಳ ಶುರುವಾಗಿತ್ತು. ಅವಳಿಗೆ ಏದುಸಿರು ಹತ್ತಿ ಹೊಟ್ಟೆ ಹಿಡಿದುಕೊಂಡು ಇಸ್ತ್ರಿ ಮೇಜಿಗೆ ಒರಗಬೇಕಾಯಿತು. ಅವನು ಎದ್ದು ಬಂದವನು, ಒಂದು ಗೇಣು ದೂರದಲ್ಲಿ ಮತ್ತೆ ನಿಂತುಬಿಟ್ಟ.

"ಮತ್ತೆ ಅಕ್ಕನ ಮನೆಗೆ ಹೋಗು ಅಂತ ಯಾಕಂದೆ?" ಎಂದಳು. "ನಾನು ಬೇಡ ಅಂತ ತಾನೆ?"

"ನೀನು ಬೇಡ ಅಂತಾನಾ?" ಅವನಿಗೆ ನಿಜವಾಗಿಯೂ ದಿಗಿಲಾಯಿತು. "ನಿಂಗೆ ಮತ್ತೇನಾದ್ರೂ ಆದ್ರೆ ನಂಗೆ ಗೊತ್ತಾಗಲ್ಲ ಕಣೇ. ಅಕ್ಕನಿಗೆ ಗೊತ್ತಾಗುತ್ತೆ. ನಂಗೆ ನನ್ನ ಕೈ ಮೇಲೆ ನಂಬಿಕೆ ಹೋಗಿದೆ."

"ನಾನು ಮುಚ್ಚಿಟ್ಟೆ ಅಂತ ಸಿಟ್ಟಿಲ್ವಾ?"

ಅವನು ಯಂತ್ರದ ಕಡೆ ನೋಡಿದ. "ಸಿಟ್ಟಲ್ಲ. ಒಂದು ಬೇಜಾರು. ನಿಂಗೆ ಎರಡು ದಿನವಾದ್ರೂ ಸಿಕ್ತು. ಅದು ಇದೆ ಅಂತ ಗೊತ್ತಿದ್ದು ಎರಡು ದಿನ ಓಡಾಡಿದೆ. ನಂಗೆ ಒಂದು ಗಂಟೆನೂ ಸಿಗಲಿಲ್ಲ. ಬಂದಿದ್ದೂ ಹೋಗಿದ್ದೂ ಒಂದೇ ಮಾತಲ್ಲಿ ಗೊತ್ತಾಯ್ತು. ಸಂತೋಷಾನೇ ಪಡದೆ ಹೇಗೆ ಅಳೋದು ಅಂತ ಗೊತ್ತಾಗ್ಲಿಲ್ಲ."

ಅವಳು ಬಾಗಿಲ ಹಿಂದೆ ಹೋಗಿ ಗೂಟದಿಂದ ಏಪ್ರನ್ ತೆಗೆದುಕೊಂಡು, ಅದರ ಜೇಬಿಗೆ ಕೈ ಹಾಕಿ, ಆ ದಿನದಿಂದ ಅಲ್ಲೇ ಇದ್ದ ಏನನ್ನೋ ಮುಷ್ಟಿಯಲ್ಲಿ ಹಿಡಿದಳು.

"ಆ ಕಡೆ ತಿರುಗು," ಎಂದಳು.

"ಯಾಕೆ?"

"ತಿರುಗು ಅಂದ್ರೆ ತಿರುಗಬೇಕು. ಯಜಮಾನಿ ಯಾರು ಇಲ್ಲಿ?"

ಅವನು ತಿರುಗಿದ. ಕಂಬಿಯ ಕೊನೆಯಲ್ಲಿ ಕೊಕ್ಕೆಯೊಂದು ಸರಿದ ಸದ್ದಾಯಿತು. ನಂತರ ಅವಳ ದನಿ ಕೇಳಿತು, ಒಂದಿಷ್ಟೂ ನಡುಗದಂತೆ ಬಿಗಿಹಿಡಿದ ದನಿ. "ಸುಕ್ಕು, ಮೇಜುಬಟ್ಟೆ ಎಲ್ಲಾ ಮುಗೀತು. ನಮ್ಮ ಬಟ್ಟೆ ತಗೊಂಡು ಬಾ, ಮೇಲೆ ಹೋಗೋಣ."

ಅವನಿಗೆ ಅರ್ಥವಾಗಲಿಲ್ಲ. ಆದರೂ ಇಷ್ಟು ವರ್ಷದ ಅಭ್ಯಾಸ ಅವನ ಕಾಲನ್ನು ಅತ್ತ ಒಯ್ದಿತು. ಕೊನೆಯಲ್ಲಿ ಅವನ ಅಂಗಿ. ಕೊರಳಪಟ್ಟಿ ಮಗುಚಿದ, ಒಂದು ಗಂಟು. ಅದರಾಚೆ ಅವಳ ಅಂಗಿ, ಎರಡು ಗಂಟು. ಎರಡರ ನಡುವೆ ಅಂಗೈಯಗಲದ ಒಂದು ಮೆತ್ತನೆಯ ಬಿಳಿ ಬಟ್ಟೆ, ಮಗುವಿನ ಬಾಯಿಯ ಹಾಲು ಒರೆಸುವಂಥದ್ದು. ಮೂಲೆಯಲ್ಲಿ ಕೆಂಪು ದಾರ.

ಒಂದು. ಎರಡು. ಮೂರು.

ಅವನು ಮತ್ತೆ ಎಣಿಸಿದ.

"ಯಾವಾಗ ಗೊತ್ತಾಯ್ತು?" ಎಂದ.

"ಮೊನ್ನೆ," ಎಂದಳು ಅವಳು, ಮೇಜುಬಟ್ಟೆಗಳ ಆ ದಿನವೇ ಮತ್ತೆ ಬಂದಂತೆ. "ಇವತ್ತು ಸಂಜೆ ಹೇಳೋಣ ಅಂತಿದ್ದೆ. ಇದು ಕೈಗೆ ಸಿಕ್ಕಿದ ತಕ್ಷಣ ನಿನ್ನ ಮುಖ ಹೇಗಾಗುತ್ತೆ ಅಂತ ಕದ್ದು ನೋಡೋಕೆ ಇಲ್ಲೇ ಕೋಟುಗಳ ಹಿಂದೆ ನಿಂತಿರ್ತಿದ್ದೆ."

"ಹೇಗಾಗಿದೆ?"

"ಕಿವಿ ಕೆಂಪಾಗಿದೆ."

ಅವನು ನಕ್ಕ. ಎಷ್ಟೋ ದಿನದಿಂದ ಒಳಗೇ ಮಡಚಿಟ್ಟಿದ್ದ ನಗು. "ಮೂರು ಗಂಟು ಯಾಕೆ ಅದಕ್ಕೆ? ಇಷ್ಟು ಸಣ್ಣದು, ಏನು ಕೆಲಸ ಮಾಡುತ್ತೆ?"

"ನಮ್ಮಿಬ್ಬರ ಹತ್ರ ಕೆಲಸ ಮಾಡಿಸುತ್ತೆ."

"ಮೇಲೆ ಹಬೆ ಬರುತ್ತಲ್ಲೇ, ತೊಟ್ಟಿಲು ಎಲ್ಲಿಡೋದು? ಕಿಟಕಿ ಹತ್ರ ಇಡೋಣ. ಯಂತ್ರದ ಸದ್ದಿಗೆ ಎದ್ದುಬಿಡುತ್ತೇನೋ..."

"ಎದ್ರೆ ಏಳಲಿ. ಲಾಂಡ್ರಿಯವರ ಮಗು. ಸದ್ದಿಲ್ಲದಿದ್ರೆ ನಿದ್ದೆ ಬರಲ್ಲ ಅದಕ್ಕೆ."

"ಯಾರ ಹಾಗಿರುತ್ತೆ?"

"ಹುಟ್ಟಿದ ಕೂಡ್ಲೇ ಎಲ್ಲಾ ಮಕ್ಕಳೂ ಸುಕ್ಕುಸುಕ್ಕಾಗೇ ಇರ್ತವೆ. ನಿನ್ನ ಹಾಗೇ."

ಅವನು ಇನ್ನೂ ನಗುತ್ತಲೇ ಇದ್ದ. ನಗುತ್ತಿದ್ದಂತೆಯೇ ಆ ಬಿಳಿ ಬಟ್ಟೆಯನ್ನು ಕೊಕ್ಕೆಯಿಂದ ಬಿಡಿಸಿ, ಮುಖಕ್ಕೆ ಒತ್ತಿಕೊಂಡು, ಕಂಬಿಯ ಕೆಳಗೆ ನೆಲದ ಮೇಲೆ ಕುಳಿತುಬಿಟ್ಟ. ಅವಳು ಹೊಟ್ಟೆಗೆ ಕೈ ಆನಿಸಿಕೊಂಡು ಮೆಲ್ಲಗೆ ಅವನ ಪಕ್ಕ ಕುಳಿತಳು. ಇಬ್ಬರೂ ಸೇರಿ ಅತ್ತದ್ದು ಅದೇ ಮೊದಲು. ತಲೆಯ ಮೇಲೆ ಊರವರ ಕೋಟುಗಳು ತೂಗುತ್ತಿದ್ದವು. ಯಾರೋ ಬಂದು ಕೌಂಟರಿನ ಗಂಟೆ ಬಾರಿಸಿ, ಕಾದು, ಹೊರಟುಹೋದರು.

ಸಂಜೆ ಅವಳು ಅಕ್ಕನಿಗೆ ಫೋನು ಮಾಡಿದಳು. "ನಾಳೆ ಕಾರು ತಾ, ಅಕ್ಕ. ಆದ್ರೆ ನನ್ನ ಕರ್ಕೊಂಡು ಹೋಗೋಕಲ್ಲ. ನೀನೇ ಬಂದು ನಾಲ್ಕು ದಿನ ಇರು."

"ಏನೇ ಇದು, ದನಿ ಹೀಗಿದೆ? ಜಗಳ ಆಡಿದ್ರಾ?"

"ಹೂಂ, ಚೆನ್ನಾಗಿ ಆಡಿದ್ವಿ," ಎಂದಳು.

ಅಕ್ಕ ಬಂದಳು, ಇದ್ದಳು, ಇಬ್ಬರನ್ನೂ ಬೈದಳು, ಹೊರಟಳು. ನೆಲದ ಹಾಸಿಗೆ ಸುರುಳಿ ಸುತ್ತಿಕೊಂಡು ಮೂಲೆಗೆ ಹೋಗಿತ್ತು. ದಣಿವು ಮಾತ್ರ ಅಷ್ಟು ಸುಲಭಕ್ಕೆ ಹೋಗುವ ನೆಂಟನಲ್ಲ. ಕೆಲವು ಮಧ್ಯಾಹ್ನ ಕಾರಣವೇ ಇಲ್ಲದೆ ಅವಳ ಕಣ್ಣು ತುಂಬುತ್ತಿತ್ತು. ಮಕ್ಕಳ ಬಟ್ಟೆ ಒಗೆಯಲು ಬಂದರೆ ಗಂಟನ್ನು ಮೊದಲು ಅವನೇ ಬಿಚ್ಚುತ್ತಿದ್ದ. ಒಂದೊಂದು ದಿನ ಇಬ್ಬರಿಗೂ ಬಿಚ್ಚಲಾಗುತ್ತಿರಲಿಲ್ಲ, ಗಂಟು ಮರುದಿನಕ್ಕೆ ಉಳಿಯುತ್ತಿತ್ತು. ಬಿಳಿ ಬಟ್ಟೆ ಕಂಬಿಯ ಕೊನೆಯಲ್ಲಿ, ಅವರಿಬ್ಬರ ಅಂಗಿಗಳ ನಡುವೆ ಇತ್ತು. ಯಾರೂ ಅದನ್ನು ತೆಗೆಯಲಿಲ್ಲ.

ಒಂದು ದಿನ ಅವಳು ಏಪ್ರನ್ ಕಟ್ಟಿ ಇಸ್ತ್ರಿ ಮೇಜಿಗೆ ನಿಂತಳು. ಅವನು ಬೇಡ ಎನ್ನಲು ಬಾಯಿ ತೆರೆದ.

"ಡಾಕ್ಟರಮ್ಮ ಹೂಂ ಅಂದಿದಾರೆ," ಎಂದಳು. ಅವನು ಬಾಯಿ ಮುಚ್ಚಿದ. ಬೆಳಿಗ್ಗೆ ಒಂದಿಷ್ಟು, ಮಧ್ಯಾಹ್ನ ಒಂದಿಷ್ಟು, ನಡುನಡುವೆ ಕುಳಿತು ಸುಧಾರಿಸಿಕೊಂಡು ಅಂಗಿಗಳನ್ನು ತಿಕ್ಕಿದಳು. ಮೊದಲು ತಿಕ್ಕಿದ್ದು ಅವನ ಮುದುಡಿದ ಕೊರಳಪಟ್ಟಿಯನ್ನು. ಬಾಗಿಲು ಹಾಕುವ ಹೊತ್ತಿಗೆ ಸ್ಟೂಲಿನ ಮೇಲೆ ಕುಳಿತು, ಅರಿವಿಲ್ಲದೆ ಬಲ ಹೆಗಲು ಹಿಡಿದುಕೊಂಡಳು.

ಅವನ ಮುಖದ ಬಣ್ಣ ಇಳಿಯಿತು. "ನೋವಾ? ನಡಿ, ಆಸ್ಪತ್ರೆಗೆ ಹೋಗೋಣ."

"ಸುಕ್ಕು."

"ಬೀಗದ ಕೈ ಎಲ್ಲಿ? ನಡಿ."

"ಸುಕ್ಕು, ಇಲ್ಲಿ ನೋಡು. ನನ್ನ ಮುಖ ನೋಡು. ಬೆಳ್ಳಗಿದೆಯಾ?"

ಅವನು ಹತ್ತಿರ ಬಂದು ನೋಡಿದ. ಹಣೆ ನೋಡಿದ, ಕಣ್ಣಿನ ಕೆಳಗಿನ ಕಪ್ಪು ನೋಡಿದ, ತುಟಿ ನೋಡಿದ, ತುಟಿಯನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಅವಳ ಕೆನ್ನೆಗೆ ಬಿಸಿ ಏರಿತು.

"ಇಲ್ಲ," ಎಂದ. "ಕೆಂಪಗಿದೆ."

"ಹೊಟ್ಟೆ ನೋವಿಲ್ಲ. ತಲೆ ಸುತ್ತಿಲ್ಲ. ಬೇರೇನೂ ಇಲ್ಲ, ಮುಚ್ಚಿಡ್ತಾನೂ ಇಲ್ಲ. ಟವೆಲ್ ತಾ."

ಅವನು ಬಾಯ್ಲರಿನ ಹಬೆಗೆ ಟವೆಲ್ ಹಿಡಿದ. ಕೆನ್ನೆಗೆ ಒತ್ತಿ ನೋಡಿದ. ಹಿಂದೆ ಬಂದು ನಿಂತವನು ಬಹಳ ಹೊತ್ತು ಹಾಗೇ ನಿಂತ, ಅವಳು ತಿರುಗಿ ನೋಡಲಿಲ್ಲ, ಕಾದಳು. ಕೊನೆಗೆ ಬಿಸಿ ಹೆಗಲಿಗೆ ತಾಕಿತು. ಅದರ ಮೇಲೆ ಹೆಬ್ಬೆರಳು.

"ಇಲ್ಲಾ?"

"ಇನ್ನೂ ಸ್ವಲ್ಪ ಕೆಳಗೆ."

"ಇಲ್ಲಾ?"

ಅವಳು ತಲೆ ವಾಲಿಸಿ ಅವನ ಕೈಗೆ ಕೆನ್ನೆ ಆನಿಸಿದಳು. "ಇಸ್ತ್ರಿ ಹೆಗಲು ಅಷ್ಟೇ, ಸುಕ್ಕು," ಎಂದಳು. "ಇವತ್ತು ನಿಜವಾಗ್ಲೂ ಅಷ್ಟೇ."

ಅವನು ನಂಬಿದನೋ ಇಲ್ಲವೋ. ಟವೆಲ್ ಆರಿ ತಣ್ಣಗಾದ ಮೇಲೂ ಅವನು ಕೈ ತೆಗೆಯಲಿಲ್ಲ.